ಆರು ಜನಕ್ಕೆ ಒಂದೇ ಪಟ್ಟಿ: ಕರಾವಳಿಯಿಂದ ಘಟ್ಟಕ್ಕೆ ವಾರಾಂತ್ಯದ ಚಾರಣ

ಗೆಳೆಯರ ಗುಂಪು ಘಟ್ಟ ಹತ್ತಲು ಹೊರಟಾಗ ಬ್ಯಾಗುಗಳನ್ನು ಒಮ್ಮೆ ಬಿಚ್ಚಿ ನೋಡಬೇಕು. ಆರು ಜನರ ಹತ್ತಿರ ಆರು ಪವರ್ ಬ್ಯಾಂಕ್, ಆರು ಬಾಡಿ ಸ್ಪ್ರೇ, ನಾಲ್ಕು ಬಾಟಲಿ ಉಪ್ಪಿನಕಾಯಿ. ಬ್ಯಾಂಡೇಜ್ ಬಟ್ಟೆ ಮಾತ್ರ ಯಾರ ಹತ್ತಿರವೂ ಇಲ್ಲ, ಏಕೆಂದರೆ ಇನ್ನೊಬ್ಬರು ತರುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ತಂಡದ ಚಾರಣ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ಬೆಟ್ಟ ಎಷ್ಟು ಎತ್ತರ ಎನ್ನುವುದಕ್ಕಿಂತ, ಹೊರೆ ಹೇಗೆ ಹಂಚಿದ್ದೀರಿ ಎನ್ನುವುದೇ ಮುಖ್ಯ.

ಮೊದಲು ಜಾಗದ ಮಾತು. ಮಂಗಳೂರು, ಉಡುಪಿಯವರಿಗೆ ಕುದುರೆಮುಖ, ಕುಮಾರಪರ್ವತ, ಕೊಡಚಾದ್ರಿ, ನರಸಿಂಹ ಪರ್ವತ ಎಲ್ಲವೂ ಒಂದು ವಾರಾಂತ್ಯದ ಅಳತೆಯೊಳಗೇ ಇವೆ. ಆದರೆ ಟೆಂಟ್ ಕಟ್ಟಿಕೊಂಡು ಶಿಖರದ ಮೇಲೆ ರಾತ್ರಿ ಕಳೆಯುವ ಯೋಚನೆ ಬಿಟ್ಟುಬಿಡಿ. ಕುದುರೆಮುಖದಲ್ಲೂ ಕುಮಾರಪರ್ವತದಲ್ಲೂ ಅದಕ್ಕೆ ಅವಕಾಶ ಇಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಳ್ಳಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಉಂಟು. ಶನಿವಾರ-ಭಾನುವಾರದ ಸ್ಥಳ ಬೇಗ ಮುಗಿಯುತ್ತದೆ. ಹಾಗಾಗಿ ಮೊದಲು ಅನುಮತಿ, ಆಮೇಲೆ ಹೋಮ್‌ಸ್ಟೇ, ಕೊನೆಗೆ ಗಾಡಿ. ಈ ಕ್ರಮ ತಪ್ಪಿದರೆ ಕಳಸದಲ್ಲಿ ರೂಮು ಸಿಕ್ಕಿ, ಬೆಟ್ಟಕ್ಕೆ ಟಿಕೆಟ್ ಸಿಗದೆ ಕೂರಬೇಕಾಗುತ್ತದೆ.

ಹೊಸ ತಂಡಕ್ಕೆ ನಮ್ಮ ಸಲಹೆ ಕುದುರೆಮುಖ. ಶುಕ್ರವಾರ ಸಂಜೆ ಹೊರಟು ಕಾರ್ಕಳ, ಬಜಗೋಳಿ, ಜಿಲ್ಲೆಯ ಗಡಿಯ ಎಸ್.ಕೆ. ಬಾರ್ಡರ್ ದಾಟಿ ಸಂಸೆಗೆ ಬನ್ನಿ. ರಾತ್ರಿ ಅಲ್ಲೇ ಸುತ್ತಮುತ್ತ ಉಳಿದುಕೊಂಡು, ಬೆಳಿಗ್ಗೆ ಬಾಳೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ನಡೆಯಲು ಶುರುಮಾಡಿ. ಹೋಗಿ ಬರಲು ಸುಮಾರು 20 ಕಿ.ಮೀ. ದೂರ ದೊಡ್ಡದಾಗಿ ಕಂಡರೂ ಒಂಟಿಮರ ಎಂಬ ಜಾಗದವರೆಗೆ ಏರು ಹಿತವಾಗಿದೆ, ದಾರಿಯಲ್ಲಿ ತೊರೆಗಳಿವೆ. ಅಲ್ಲಿಂದ ಮುಂದೆ ಹುಲ್ಲುಗಾವಲಿನ ಏರು. ನೆರಳು ಕಡಿಮೆ, ದಮ್ಮು ಬೇಕಾಗುವುದು ಅಲ್ಲಿ. 1,712 ಮೀಟರಿನ ಕುಮಾರಪರ್ವತ 1,890 ಮೀಟರ್ ದಾಟುವ ಕುದುರೆಮುಖಕ್ಕಿಂತ ಗಿಡ್ಡ. ಆದರೆ ಕುಕ್ಕೆ ಕಡೆಯಿಂದ ಹತ್ತುವವರು ತೀರ ತಗ್ಗಿನಿಂದ ಶುರುಮಾಡುವ ಕಾರಣ ಒಟ್ಟು ಏರು ಬಹಳ ಜಾಸ್ತಿ. ದಾರಿ ಮಧ್ಯದ ಗಿರಿಗದ್ದೆಯ ಭಟ್ಟರ ಮನೆಗೆ ಮುಟ್ಟುವಷ್ಟರಲ್ಲೇ ಅರ್ಧ ಜನ ಸುಸ್ತಾಗಿರುತ್ತಾರೆ. ಅದನ್ನು ಎರಡನೆಯ ಅಥವಾ ಮೂರನೆಯ ಚಾರಣಕ್ಕೆ ಇಟ್ಟುಕೊಳ್ಳಿ.

ಹತ್ತುವುದು ಶನಿವಾರವೇ ಆಗಲಿ. ಭಾನುವಾರ ಹತ್ತಿ, ಅದೇ ರಾತ್ರಿ ಘಟ್ಟ ಇಳಿಯುವ ತಂಡಗಳಲ್ಲಿ ಡ್ರೈವ್ ಮಾಡುವವನೂ ಇಪ್ಪತ್ತು ಕಿಲೋಮೀಟರ್ ನಡೆದವನೇ. ಮಾಳ ಘಾಟಿಯ ತಿರುವುಗಳಲ್ಲಿ ಮಂಜಿನ ನಡುವೆ ಅವನಿಗೆ ತೂಕಡಿಕೆ ಬರುವುದು ಸಹಜ. ಭಾನುವಾರ ಹೊರನಾಡಿಗೆ ಹೋಗಿ ಊಟ ಮಾಡಿ, ಬೆಳಕಿರುವಾಗಲೇ ಇಳಿಯಿರಿ.

ಈಗ ಪಟ್ಟಿ. ಇಬ್ಬಗೆ ಮಾಡಿ: ಪ್ರತಿಯೊಬ್ಬರೂ ಹೊರಲೇಬೇಕಾದ್ದು, ತಂಡಕ್ಕೆ ಒಂದೇ ಸಾಕಾಗುವುದು. ಮೂರು ಲೀಟರ್ ನೀರು, ಹೆಡ್‌ಟಾರ್ಚ್, ಮಳೆ ಅಂಗಿ, ಒಂದು ಜೊತೆ ಒಣ ಸಾಕ್ಸ್, ಸೀಟಿ, ತಮ್ಮದೇ ಮಾತ್ರೆಗಳು, ಗುರುತಿನ ಚೀಟಿ ಎಲ್ಲರಿಗೂ ಬೇಕು. ಪ್ರಥಮ ಚಿಕಿತ್ಸೆಯ ಡಬ್ಬಿ, ಹತ್ತು ಮೀಟರ್ ತೆಳು ಹಗ್ಗ, ಚಾಕು, ಅಗಲದ ಗಟ್ಟಿ ಟೇಪ್, ಕ್ಲೋರಿನ್ ಮಾತ್ರೆ, ಎರಡು ಪವರ್ ಬ್ಯಾಂಕ್, ಕಸದ ಚೀಲ, ನಗದು ತಂಡಕ್ಕೆ. ಪ್ರತಿ ವಸ್ತುವಿನ ಎದುರು ಒಬ್ಬರ ಹೆಸರು ಬರೆಯಿರಿ. 'ಯಾರಾದರೂ ತನ್ನಿ' ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದ ವಸ್ತು ಬರುವುದಿಲ್ಲ. ನಡೆಯುವ ದಿನದ ಬ್ಯಾಗ್ ನೀರು ಸೇರಿ ಆರು ಕೆ.ಜಿ. ಮೀರದಿರಲಿ. ಉಳಿದದ್ದು ಹೋಮ್‌ಸ್ಟೇಯಲ್ಲೇ ಇರಲಿ. ನೀರಿನಂಥ ಭಾರದ ವಸ್ತು ಬೆನ್ನಿಗೆ ತಾಗಿ, ಹೆಗಲೆಲುಬುಗಳ ನಡುವೆ ಬರಬೇಕು. ಕೆಳಗೆ ಜೋತುಬಿದ್ದರೆ ಬ್ಯಾಗ್ ಹಿಂದಕ್ಕೆ ಎಳೆದು ಹೆಗಲು ನೋಯುತ್ತದೆ. ಸೊಂಟದ ಪಟ್ಟಿ ಮೊದಲು ಬಿಗಿಯಿರಿ, ಆಮೇಲೆ ಹೆಗಲಿನದು.

ನಮ್ಮ ಕಡೆಯ ಮಳೆಗೆ ಬ್ಯಾಗಿನ ಮೇಲಿನ ರೈನ್ ಕವರ್ ಸಾಲದು. ನೀರು ಬೆನ್ನಿನ ಕಡೆಯಿಂದ ಇಳಿದು ಒಳಗೆ ಸೇರುತ್ತದೆ. ಬ್ಯಾಗಿನೊಳಗೆ ದಪ್ಪ ಚೀಲವೊಂದನ್ನು ಇಟ್ಟು ಬಟ್ಟೆ, ಫೋನ್ ಎಲ್ಲ ಅದರೊಳಗೆ ಹಾಕಿ ಬಾಯಿ ತಿರುಚಿ ಕಟ್ಟಿ. ಆ ಚೀಲವನ್ನು ವಾಪಸ್ ತರಬೇಕು. ನೀರಿಗೆ ಮರುಬಳಕೆಯ ಬಾಟಲಿಯೇ ಇರಲಿ.

ಶೂ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ಕರಾವಳಿಯವರದ್ದೇ ಸಮಸ್ಯೆ. ಎರಡು ಮೂರು ವರ್ಷ ಕಪಾಟಿನಲ್ಲಿ ಇಟ್ಟ ದುಬಾರಿ ಶೂ ನೋಡಲು ಹೊಸದರಂತೆಯೇ ಇರುತ್ತದೆ. ಬೆಟ್ಟದ ಮಧ್ಯದಲ್ಲಿ ಅಟ್ಟೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಅಂಟು ಕೆಟ್ಟಿತು ಎನ್ನುತ್ತಾರೆ, ಬಹಳ ಸಲ ಕೆಟ್ಟಿರುವುದು ಅಂಟಲ್ಲ. ಅನೇಕ ಟ್ರೆಕ್ಕಿಂಗ್ ಶೂಗಳ ನಡುವಿನ ಪದರ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆಯದು. ಗಾಳಿಯ ತೇವ ಅದನ್ನು ಒಳಗಿನಿಂದಲೇ ಒಡೆಯುತ್ತಾ ಬರುತ್ತದೆ. ನಮ್ಮ ಸೆಖೆ, ತೇವ ಎರಡೂ ಅದಕ್ಕೆ ಶತ್ರು. ಹೊರಡುವ ವಾರ ಮೊದಲೇ ಆ ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಶೂವನ್ನು ಮಡಚಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಪುಡಿ ಉದುರಿದರೂ ಆ ಶೂ ಬೇಡ. ಇ.ವಿ.ಎ. ಎಂಬ ಇನ್ನೊಂದು ಬಗೆಯ ನೊರೆಯ ಪದರವಿರುವ ಶೂಗೆ ಈ ಕಾಟ ಇಲ್ಲ. ದಾರಿಯಲ್ಲೇ ಕಳಚಿತು ಎಂದರೆ ಅಟ್ಟೆಯನ್ನು ಟೇಪಿನಿಂದ ಸುತ್ತಿ, ಅದರ ಮೇಲೆ ಹಗ್ಗವನ್ನು ಮುಂಗಾಲಿನಲ್ಲೂ ಪಾದದ ನಡುವಿನಲ್ಲೂ ಬಿಗಿದು ಕಟ್ಟಿ. ಮನೆಗೆ ಬಂದ ಮೇಲೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ. ಇನ್ನೊಂದು: ಕಾಲ್ಬೆರಳಿನ ಉಗುರುಗಳನ್ನು ಎರಡು ದಿನ ಮೊದಲೇ ಕತ್ತರಿಸಿ. ಇಳಿಯುವಾಗ ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಕಾಡಿನಲ್ಲಿ ಒಲೆ ಹಚ್ಚುವ ಹಾಗಿಲ್ಲ, ಬುತ್ತಿಯೇ ಗತಿ. ಇದರಲ್ಲಿ ನಮ್ಮ ಅಡುಗೆಯಷ್ಟು ಅನುಕೂಲ ಬೇರೆ ಇಲ್ಲ. ಮೂಡೆ, ಕೊಟ್ಟೆ ಕಡುಬು ಎಲೆಯೊಳಗೇ ಇರುವುದರಿಂದ ಒಡೆಯುವುದಿಲ್ಲ, ಮಧ್ಯಾಹ್ನದವರೆಗೂ ಮೆತ್ತಗಿರುತ್ತವೆ. ತಲೆಗೆ ಮೂರು ಇರಲಿ. ಹಿಂದಿನ ದಿನ ಕರಿದ ಬನ್ಸ್ ಮರುದಿನಕ್ಕೂ ಚೆನ್ನಾಗಿರುತ್ತದೆ. ತೆಂಗಿನಕಾಯಿ ಚಟ್ನಿ ಮಾತ್ರ ಬೇಡವೇ ಬೇಡ, ಸೆಖೆಗೆ ಬೆಳಿಗ್ಗೆ ಹತ್ತು ಗಂಟೆಯೊಳಗೇ ಹಳಸುತ್ತದೆ. ಬದಲಿಗೆ ಚಟ್ನಿಪುಡಿ, ಉಪ್ಪಿನಕಾಯಿ. ಹುಳಿಯನ್ನ ಮಾಡುವುದಾದರೆ ತಲೆಗೆ 150 ಗ್ರಾಂ ಅಕ್ಕಿ ಲೆಕ್ಕ ಹಾಕಿ, ಅನ್ನ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಲ್ಲಿ ಮುಚ್ಚಿದರೆ ಬೆವರಿ ಕೆಡುತ್ತದೆ. ನಡುನಡುವೆ ತಿನ್ನಲು ತಲೆಗೆ ಒಂದು ಹಿಡಿ ನೆಲಗಡಲೆ, ಒಂದು ತುಂಡು ಬೆಲ್ಲ.

ಬೆವರುವವರಿಗೆ ಬರೀ ನೀರು ಸಾಲದು. ಒಂದು ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ ಮಟ್ಟವಾಗಿ ಅಳೆದು ಹಾಕಿ. ಅದಕ್ಕೆ ಏಳೆಂಟು ಒಣ ಪುನರ್ಪುಳಿ ಸಿಪ್ಪೆ ನೆನೆಸಿದರೆ ಬೇಡವೆನ್ನುವವರೂ ಕುಡಿಯುತ್ತಾರೆ. ತಾಮ್ರದ ಬಾಟಲಿಗೆ ಈ ಹುಳಿ ಹಾಕಬೇಡಿ. ತೊರೆಯ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ನಡೆಯುವಾಗ ದಾರಿ ಗೊತ್ತಿರುವವರು ಒಬ್ಬರು ಮುಂದೆ, ಗಟ್ಟಿ ಆಳು ಒಬ್ಬರು ಕಟ್ಟಕಡೆಗೆ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿನವರ ಬೆನ್ನಿಗೇ ಇರಲಿ. ಹಿಂದೆ ಬಿಟ್ಟರೆ ಅವರು ಬಂದು ಮುಟ್ಟುವ ಹೊತ್ತಿಗೆ ಉಳಿದವರ ವಿಶ್ರಾಂತಿ ಮುಗಿದು ಎಲ್ಲರೂ ಎದ್ದಿರುತ್ತಾರೆ. ಪಾಪ, ಅವರಿಗೆ ಕೂರಲು ಹೊತ್ತೇ ಸಿಗುವುದಿಲ್ಲ. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ನಿಂತು ತಲೆ ಎಣಿಸಿ. ತಿರುಗುವ ಹೊತ್ತನ್ನು ಹೊರಡುವ ಮೊದಲೇ ನಿಶ್ಚಯಿಸಿ. ಆರಕ್ಕೆ ಹೊರಟರೆ ಹನ್ನೆರಡಕ್ಕೆ ಎಲ್ಲಿದ್ದರೂ ವಾಪಸ್, ಶಿಖರ ಕಣ್ಣೆದುರಿಗೆ ಇದ್ದರೂ ಸರಿ. ಮಂಜು ಮುಸುಕಿದ ಹುಲ್ಲುಗಾವಲಿನಲ್ಲಿ ಹತ್ತು ಮೀಟರ್ ಆಚೆಯ ಕಾಲುದಾರಿ ಕಾಣುವುದಿಲ್ಲ, ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ನಕ್ಷೆಯನ್ನು ಮನೆಯಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ.

ಮಳೆಗಾಲದಲ್ಲಿ ಇಂಬಳ ಖಂಡಿತ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಇಂಬಳದ ಸಾಕ್ಸ್ ಹಾಕಿ. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ, ಸುಡಬೇಡಿ. ರಕ್ತ ತುಂಬಾ ಹೊತ್ತು ಸೋರುವುದು ಅದು ಬಿಡುವ, ಹೆಪ್ಪುಗಟ್ಟದಂತೆ ತಡೆಯುವ ರಸದಿಂದ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ.

ಇಂಬಳಕ್ಕೆ ಹೆದರುವವರು ಉಣುಗಿನ ಬಗ್ಗೆ ಯೋಚಿಸುವುದಿಲ್ಲ. ನಿಜವಾಗಿ ಹುಷಾರಾಗಿರಬೇಕಾದ್ದು ಅದಕ್ಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಅದರ ಕಾಲ ಡಿಸೆಂಬರಿನಿಂದ ಮೇ ವರೆಗೆ, ಅಂದರೆ ಚಾರಣಕ್ಕೆ ಹಿತವಾದ ಒಣ ದಿನಗಳಲ್ಲೇ. ಮಲೆನಾಡಿನ ಕಡೆ ಹೋಗುವವರು ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ರೂಮಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಹತ್ತು ದಿನದೊಳಗೆ ಯಾರಿಗಾದರೂ ತಲೆನೋವು, ಮೈಕೈ ನೋವಿನ ಜೊತೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಗುಂಪಿನ ಉಳಿದವರಿಗೂ ಅದೇ ದಿನ ತಿಳಿಸಬೇಕು.