ಬಿಸಿಲಿಲ್ಲದ ಊರಿನ ಸೂಕ್ಷ್ಮದರ್ಶಕ

ನಮ್ಮ ಕಾಲದಲ್ಲಿ ಶಾಲೆಗೆ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ದೀಪವಿಲ್ಲದ, ಕೆಳಗೊಂದು ದುಂಡು ಕನ್ನಡಿಯಿದ್ದ ಹಳೆಯ ಮಾದರಿ. ಕನ್ನಡಿಗೆ ಬಿಸಿಲು ಬಿದ್ದರೆ ಮಾತ್ರ ಏನಾದರೂ ಕಂಡೀತು. ಕೊಡಗಿನ ಜುಲೈಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಪಠ್ಯಪುಸ್ತಕ ಬರೆದವರು ಮಡಿಕೇರಿಯ ಮಳೆ ಕಂಡವರಲ್ಲ. ಜೀವಕೋಶದ ಪಾಠ ಸರಿಯಾಗಿ ಆಗಲೇ ಬರುತ್ತಿತ್ತು. ಜೀವಶಾಸ್ತ್ರದ ಮೇಷ್ಟರು ಮೂರು ಸೆಲ್ಲಿನ ಟಾರ್ಚನ್ನು ಪುಸ್ತಕಗಳ ಮೇಲೆ ಮಲಗಿಸಿ ಕನ್ನಡಿಗೆ ಬೆಳಕು ಬಿಡುತ್ತಿದ್ದರು. ಸೆಲ್ಲಿನ ಖರ್ಚು ಅವರದೇ.

ಗದ್ದೆಯ ನೀರಿಗೆ ಒಣಹುಲ್ಲು ಹಾಕಿ ಕೆಲವು ದಿನ ಇಟ್ಟ ಜಾಡಿಯಿಂದ ಒಂದು ಹನಿ. ಅದರಲ್ಲಿ ಚಪ್ಪಲಿಯಾಕಾರದ, ಒಂದೇ ಕೋಶದ ಜೀವಿ ಪ್ಯಾರಮೀಸಿಯಂ. ಅದರ ಮೈಮೇಲಿನ ಕೂದಲು ಬಿಡಿಬಿಡಿಯಾಗಿ ಕಾಣಲಿಲ್ಲ, ಅಂಚು ಮಿನುಗಿದಂತಾಯಿತು ಅಷ್ಟೆ. "ಅವು ಲೋಮಾಂಗಗಳು. ನಿಮ್ಮ ಶ್ವಾಸನಾಳದಲ್ಲೂ ಇವೆ" ಎಂದರು ಮೇಷ್ಟರು. ನಾವು ನಕ್ಕೆವು.

ನನ್ನ ಇಪ್ಪತ್ತು ವರ್ಷದ ಸಂಶೋಧನೆ ಆ ಮಾತಿನ ಬೆನ್ನುಹತ್ತಿ ಹೋದದ್ದೇ. ಶ್ವಾಸನಾಳದಲ್ಲಿ ಲೋಮಾಂಗವಿರುವ ಒಂದು ಕೋಶದ ಮೇಲೆ ಸುಮಾರು 200 ಲೋಮಾಂಗಗಳಿರುತ್ತವೆ. ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ ಬಡಿಯುತ್ತ, ಧೂಳು ಹಿಡಿದ ಲೋಳೆಯನ್ನು ಗಂಟಲಿನತ್ತ ಸಾಗಿಸುತ್ತವೆ. ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಎರಡು ನಳಿಕೆ, ಸುತ್ತ ಒಂಬತ್ತು ಜೋಡಿ. ಗದ್ದೆಯ ಪ್ಯಾರಮೀಸಿಯಂನಲ್ಲೂ ಇದೇ ಲೆಕ್ಕ.

ಈ ಕೋಶಗಳನ್ನು ಬೆಳೆಸುವುದು ಗಿಡ ಸಾಕಿದ ಹಾಗೆ. ರಂಧ್ರವಿರುವ ತೆಳು ಪೊರೆಯ ಮೇಲೆ ಬಿತ್ತಿ, ಕೆಳಗಿನಿಂದ ಪೋಷಕದ್ರವ ಕೊಟ್ಟು, ಮೇಲ್ಭಾಗವನ್ನು ಗಾಳಿಗೆ ಬಿಡಬೇಕು. ಮೂರು ನಾಲ್ಕು ವಾರಕ್ಕೆ ಲೋಮಾಂಗ ಮೂಡುತ್ತದೆ. ನನ್ನ ಮೊದಲ ತಟ್ಟೆಗಳಿಗೆ ಎರಡನೆಯ ವಾರದಲ್ಲೇ ಬೂಷ್ಟು ಹಿಡಿಯಿತು. ಬೆಲ್ಟು, ಚಪ್ಪಲಿ, ಅಂಕಪಟ್ಟಿ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನವನನ್ನು ಅದು ಬೆಂಗಳೂರಿನವರೆಗೂ ಹುಡುಕಿಕೊಂಡು ಬಂತೆಂದು ಗೆಳೆಯರು ಹಾಸ್ಯ ಮಾಡಿದರು. ತಪ್ಪು ನನ್ನದೇ, ಕೈ ಶುಚಿಯಿರಲಿಲ್ಲ.

ಹುಟ್ಟಿನಿಂದಲೇ ಲೋಮಾಂಗ ಬಡಿಯದವರೂ ಇದ್ದಾರೆ. ಸದಾ ಕಫ, ಕಿವಿಸೋರು, ಸೈನಸ್. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೃದಯ ಬಲಗಡೆ! ಭ್ರೂಣದಲ್ಲಿ ಎಡಬಲವನ್ನು ನಿರ್ಧರಿಸುವುದೂ ಲೋಮಾಂಗಗಳು ಎಬ್ಬಿಸುವ ಹರಿವೇ. ಅವು ಸುಮ್ಮನಿದ್ದರೆ ಎಡಬಲ ನಾಣ್ಯ ಚಿಮ್ಮಿದಂತೆ. ಸ್ವೀಡನ್ನಿನ ವಿಜ್ಞಾನಿ ಅಫ್ಜೇಲಿಯಸ್ 1976ರಲ್ಲಿ, ಲೋಮಾಂಗವನ್ನು ಬಾಗಿಸುವ, ಡೈನೀನ್ ಎಂಬ ಪ್ರೋಟೀನಿನ ತೋಳುಗಳೇ ಇಂಥವರಲ್ಲಿ ಇಲ್ಲವೆಂದು ತೋರಿಸಿದರು. ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ನನ್ನ ಕೆಲಸ ಕೊನೆಗೆ ಹೊಗೆಯ ಕಡೆಗೆ ತಿರುಗಿತು. ಕಾರಣ ಅಜ್ಜಿ. ಬೀಡಿ ಮುಟ್ಟಿದವಳಲ್ಲ, ಆದರೆ ಮಳೆಗಾಲದಲ್ಲಿ ಹಸಿ ಸೌದೆಯ ಒಲೆಯ ಮುಂದೆ ಊದುಕೊಳವೆ ಹಿಡಿದು ಆಯುಷ್ಯ ಕಳೆದವಳು. ಅವಳ ಕೆಮ್ಮನ್ನು ನಾವು 'ಶೀತ' ಎಂದೇ ಕರೆದೆವು. ಸೌದೆಯ ಹೊಗೆಯಿಂದಲೂ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬರುತ್ತದೆಂದು ನನಗೆ ತಿಳಿಯುವಷ್ಟರಲ್ಲಿ ಅವಳಿರಲಿಲ್ಲ. ಹೊಗೆ ತಿಂದ ಶ್ವಾಸನಾಳದಲ್ಲಿ ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ, ಲೋಮಾಂಗಗಳು ಸೊರಗುತ್ತವೆ. ಕಸ ಹೆಚ್ಚು, ಗುಡಿಸುವವರು ಕಡಿಮೆ. ಆಗ ಉಳಿಯುವುದು ಕೆಮ್ಮು ಒಂದೇ.

ಪ್ರಶಸ್ತಿಗಳ ಬಗ್ಗೆಯೂ ಬರೆಯಿರಿ ಎಂದು ಸಂಪಾದಕರು ಕೇಳಿದ್ದಾರೆ. ಅದು ಇರಲಿ.

ಕಳೆದ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ, ಊರಿಗೆ ಹೋದಾಗ ಮೇಷ್ಟರ ಮನೆಗೆ ಹೋಗಿದ್ದೆ. ಅಂಗಳದ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ನನ್ನ ತಟ್ಟೆಯ ಲೋಮಾಂಗಗಳು ಬಡಿಯುವ ವಿಡಿಯೋವನ್ನು ಮೊಬೈಲಿನಲ್ಲಿ ತೋರಿಸಿದೆ. ಗಾಳಿಗೆ ಅಲೆಯಾಡುವ ಭತ್ತದ ಗದ್ದೆಯಂತೆ ಒಂದೇ ದಿಕ್ಕಿಗೆ ಬಾಗಿ ಏಳುತ್ತಿದ್ದವು. ಮೇಷ್ಟರು ಕನ್ನಡಕ ಹಣೆಗೇರಿಸಿ ಮೂರು ಸಲ ನೋಡಿದರು. ಆಮೇಲೆ ಕೇಳಿದರು: "ಬೆಳಕು ಚೆನ್ನಾಗಿ ಸಿಕ್ಕಿದೆಯಲ್ಲ, ಎಲ್ಲಿಂದ ಬಿಟ್ಟೆ?"