ಬೀಗರೂಟದಲ್ಲಿ ಎರಡು ಕ್ವಾರ್ಟರ್

ನಮ್ಮ ಭಾವ ಕುಡುಕ ಅಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಅಕ್ಕ ಇದನ್ನ ಓದಿದ್ರೆ ನನ್ ಕತೆ ಮುಗೀತು. ತಿಂಗಳುಗಟ್ಲೆ ಮುಟ್ಟಲ್ಲ, ಮದ್ವೆ, ಬೀಗರೂಟ, ಮಾರಮ್ಮನ ಹಬ್ಬ ಇಂಥದ್ದಕ್ಕೆ ಮಾತ್ರ. ಆದ್ರೆ ಆವತ್ತು ಕೂತ್ರೆ ಕೂತಂಗೇ.

ಹೋದ ವರ್ಷ ಮದ್ದೂರು ಕಡೆ ಒಂದು ಬೀಗರೂಟ. ಒಂದು ಗಂಟೆಗೆ ಊಟ ಅಂದಿದ್ರು, ಬೋಟಿ ಬೆಂದಿಲ್ಲ ಅಂತ ಮೂರಾಯ್ತು. ಅಷ್ಟೊತ್ತು ಗಂಡಸ್ರೆಲ್ಲಾ ತೆಂಗಿನ ತೋಟದಲ್ಲಿ, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ನೆಂಚ್ಕೊಳ್ಳೋಕೆ ಒಂದೇ ಒಂದು ಮಿಕ್ಸ್ಚರ್ ಪೊಟ್ಟಣ, ಅದೂ ಹತ್ತು ಜನಕ್ಕೆ. ಖಾಲಿ ಹೊಟ್ಟೇಲಿ ಎರಡು ಕ್ವಾರ್ಟರ್ ಇಳಿಸಿದ್ರು ಭಾವ, ಒಂದೂವರೆ ಗಂಟೇಲಿ.

ಆಮೇಲೆ ಮನೇಲಿ ಕೂತು ಲೆಕ್ಕ ಹಾಕ್ದೆ. ಬಾಟ್ಲಿ ಮೇಲೆ 42.8% ಅಂತ ಇರುತ್ತಲ್ಲ, ಒಂದು ಕ್ವಾರ್ಟರ್ ಅಂದ್ರೆ 180 ಎಂಎಲ್, ಅದ್ರಲ್ಲಿ ಹೆಚ್ಚುಕಮ್ಮಿ 60 ಗ್ರಾಂ ಶುದ್ಧ ಆಲ್ಕೋಹಾಲ್. ಅಮೆರಿಕದವ್ರು ಬಿಂಜ್ ಡ್ರಿಂಕಿಂಗ್, ಅಂದ್ರೆ ಒಂದೇ ಸಲಕ್ಕೆ ಮಿತಿಮೀರಿ ಕುಡಿಯೋದು, ಅನ್ನೋದು ಗಂಡಸು ಎರಡು ಗಂಟೇಲಿ ಸುಮಾರು 70 ಗ್ರಾಂ ಇಳಿಸಿದ್ರೆ, ಹೆಂಗಸಿಗೆ 56. ಅಂದ್ರೆ ನಮ್ಮ ಲೆಕ್ಕದಲ್ಲಿ ಗಂಡಸಿಗೆ ಒಂದು ಕ್ವಾರ್ಟರ್ ಮೇಲೆ 30 ಎಂಎಲ್‌ದು ಒಂದು ಥರ್ಟಿ, ಅಷ್ಟೇ, ಮುಗೀತು. ನಮ್ಮ ಕಡೆ ಅದನ್ನ 'ಸ್ವಲ್ಪ ತಗೊಂಡೆ' ಅಂತಾರೆ! ಲಿವರ್ರು ಗಂಟೆಗೆ ಏಳರಿಂದ ಹತ್ತು ಗ್ರಾಂ ಅಷ್ಟೇ ಕರಗಿಸೋದು, ಮಜ್ಜಿಗೆ ಕುಡ್ದ್ರೂ ಅಷ್ಟೇ, ಸ್ಟ್ರಾಂಗ್ ಕಾಫಿ ಕುಡ್ದ್ರೂ ಅಷ್ಟೇ, ತಲೆ ಮೇಲೆ ನೀರು ಸುರುದ್ರೂ ಅಷ್ಟೇ. ಎರಡು ಕ್ವಾರ್ಟರ್ ಅಂದ್ರೆ ಹನ್ನೆರಡು ಗಂಟೆಗೂ ಮೇಲೆ. ರಾತ್ರಿ ಹೊಡ್ದು ಬೆಳಿಗ್ಗೆ ಫ್ರೆಶ್ ಆಗಿದೀನಿ ಅಂತ ಬೈಕ್ ತೆಗೆಯೋರು ಇದನ್ನ ಇನ್ನೊಂದ್ಸಲ ಓದ್ಕೊಳ್ಳಿ, 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು.

ಊಟಕ್ಕೆ ಕರೆಯೋಷ್ಟೊತ್ಗೆ ಭಾವ ಔಟ್. ಚಾಪೆ ಮೇಲೆ ಅಂಗಾತ ಮಲಗಿಸಿ 'ಬಿಡ್ರಪ್ಪಾ, ಒಂದು ನಿದ್ದೆ ಮಾಡಿದ್ರೆ ಇಳಿಯುತ್ತೆ' ಅಂದ್ಬಿಟ್ರು ಎಲ್ಲಾ. ಒಬ್ಬ ದೊಡ್ಡಪ್ಪ ಉಪ್ನೀರು ಕುಡ್ಸಿ ಅಂತ ಲೋಟ ಹಿಡ್ಕೊಂಡೇ ಬಂದಿದ್ರು. ನಮ್ಮ ಅತ್ತಿಗೆ ನರ್ಸು, ಅವ್ರು ಊಟದ ಎಲೆ ಬಿಟ್ಟು ಎದ್ದು ಬಂದು ಮೊದ್ಲು ಆ ಲೋಟ ಕಿತ್ಕೊಂಡ್ರು. ಭಾವನ ಗಂಟ್ಲಲ್ಲಿ ಗೊರಗೊರ ಸದ್ದು. 'ಇದು ಗೊರಕೆ ಅಲ್ಲ ಕಣೋ, ವಾಂತಿ ಬಂದು ನಿಂತಿದೆ, ಹಿಡ್ಕೋ' ಅಂದ್ರು, ಇಬ್ರೂ ಸೇರಿ ಎಡ ಮಗ್ಗುಲಿಗೆ ಹೊರಳಿಸಿ ಮೇಲಿನ ಮಂಡಿ ಮಡಚಿ ಇಟ್ವಿ, ಬಾಯಿಂದ ಎಲ್ಲಾ ಆಚೆ ಬಂತು. ಅಂಗಾತನೇ ಬಿಟ್ಟಿದ್ರೆ ಅದು ಶ್ವಾಸಕೋಶಕ್ಕೆ ಇಳೀತಿತ್ತು, ಮೈಮೇಲೆ ಪ್ರಜ್ಞೆ ಇಲ್ದೋರಿಗೆ ಕೆಮ್ಮೋಕೂ ಆಗಲ್ಲ. ಇನ್ನೊಂದು ಹೇಳಿದ್ರು ಅತ್ತಿಗೆ, ಕುಡಿಯೋದು ನಿಲ್ಲಿಸಿದ್ ಮೇಲೂ ಹೊಟ್ಟೇಲಿರೋದು ರಕ್ತಕ್ಕೆ ಸೇರ್ತಾನೇ ಇರುತ್ತೆ, ಹಂಗಾಗಿ ಮಲಗಿದವ್ರಿಗೆ ಇಳಿಯೋ ಬದ್ಲು ಏರ್ತಾ ಇರಬೋದು. ಮೈ ತಣ್ಣಗಾಗಿದ್ರೆ, ಎಬ್ಬಿಸಿದ್ರೂ ಏಳದಿದ್ರೆ, ಉಸಿರು ಬಿಟ್ಟು ಬಿಟ್ಟು ಬರ್ತಿದ್ರೆ ಯಾರನ್ನೂ ಕೇಳ್ಬೇಡ, 108ಕ್ಕೆ ಫೋನ್ ಮಾಡು ಅಂದ್ರು. ನಮ್ಮ ಪುಣ್ಯ, ಅರ್ಧ ಗಂಟೆಗೆ ಭಾವ ಕಣ್ಣು ಬಿಟ್ಟು ಅತ್ತಿಗೆನ ಬೈದ್ರು.

ಕತೆ ಅಲ್ಲಿಗೆ ಮುಗೀಲಿಲ್ಲ. ಮಾರನೇ ದಿನ ಬೆಳಿಗ್ಗೆ ಎದೆ ಡವಡವ, ಒಂದು ಲಯ ಇಲ್ಲ. ಗ್ಯಾಸ್ ಅಂತ ಸೋಡಾ ಕುಡ್ಕೊಂಡು ಕೂತಿದ್ರು, ಅಕ್ಕ ಬಿಡ್ಲಿಲ್ಲ, ಎಳ್ಕೊಂಡ್ ಹೋದ್ಲು. ಇಸಿಜಿ ನೋಡಿ ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ, 'ನಿನ್ನೆ ಯಾವ ಫಂಕ್ಷನ್ನು?' ಏಟ್ರಿಯಲ್ ಫಿಬ್ರಿಲೇಷನ್ನು, ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯೋ ಬದ್ಲು ಪಟಪಟ ಅದುರೋದು. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿದ್ರೆ, ಆ ಹೆಪ್ಪು ಮೆದುಳಿಗೆ ಹೋದ್ರೆ ಸ್ಟ್ರೋಕು. ರಜೆ, ವೀಕೆಂಡಲ್ಲಿ ಕಂಠಪೂರ್ತಿ ಕುಡ್ದು ಬರೋರಲ್ಲಿ ಇದು ಜಾಸ್ತಿ ಅಂತ 1978ರಲ್ಲಿ ಫಿಲಿಪ್ ಎಟಿಂಗರ್ ಅನ್ನೋ ಡಾಕ್ಟ್ರು, ಅವ್ರ ಜೊತೆಯವ್ರು ಹಾಲಿಡೇ ಹಾರ್ಟ್ ಸಿಂಡ್ರೋಮ್ ಅಂತ ಹೆಸ್ರು ಇಟ್ರಂತೆ. ನಮ್ಮ ಕಡೆಯವ್ರು ಕಂಡುಹಿಡ್ದಿದ್ರೆ ಬೀಗರೂಟದ ಕಾಯಿಲೆ ಅಂತ ಇಡ್ತಿದ್ರೇನೋ.

ಭಾವ ಡಾಕ್ಟ್ರಿಗೂ ಅದನ್ನೇ ಹೇಳಿದ್ರು, 'ಸಾರ್ ನಾನು ದಿನಾ ಕುಡಿಯಲ್ಲ.' ಅವ್ರು ತಲೆ ಎತ್ತದೇನೇ 'ಗೊತ್ತು, ದಿನಾ ಕುಡಿಯೋರ ಫೈಲು ಬೇರೆ' ಅಂದ್ರಂತೆ. ಸಂಜೆ ಹೊತ್ಗೆ ಬಡಿತ ತಾನಾಗೇ ಸರಿಹೋಯ್ತು.

ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಬೀಗರೂಟ. ಭಾವ ಈಗ್ಲೇ ಫೋನ್ ಮಾಡಿದ್ರು, ಊಟ ಎಷ್ಟೊತ್ಗೆ ಅಂತ. ಎರಡು ಗಂಟೆಗೆ ಅಂದೆ. 'ಬೋಟಿ ಬೆಂದ್ ಮೇಲೆ ಒಂದು ಮಿಸ್ಡ್ ಕಾಲ್ ಕೊಡು, ಸೀದಾ ಎಲೆ ಮುಂದೆ ಬಂದು ಕೂತ್ಕೋತೀನಿ' ಅಂದ್ರು.