ಪೊಟ್ಯಾಸಿಯಂನ ಹೊರಗಿನ ಎಲೆಕ್ಟ್ರಾನ್

ಪ್ರೌಢಶಾಲೆಯಲ್ಲಿ ಪೊಟ್ಯಾಸಿಯಂನ ಎಲೆಕ್ಟ್ರಾನ್ ವಿನ್ಯಾಸವನ್ನು 2, 8, 8, 1 ಎಂದು ಬರೆದು ಪೂರ್ಣ ಅಂಕ ಪಡೆದು ಬಂದಿದ್ದ ನಮಗೆ, ಪ್ರಥಮ ಪಿಯುಸಿಯ ರಸಾಯನಶಾಸ್ತ್ರ ತರಗತಿಯಲ್ಲಿ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆಗೇ ಉತ್ತರ ಹೊಳೆಯಲಿಲ್ಲ. ಮೂರನೆಯ ಕವಚದಲ್ಲಿ 18 ಎಲೆಕ್ಟ್ರಾನ್‌ಗಳಿಗೆ ಜಾಗವಿರುವಾಗ ಎಂಟು ತುಂಬಿದ ಕೂಡಲೇ ಮುಂದಿನದು ನಾಲ್ಕನೆಯ ಕವಚಕ್ಕೆ ಏಕೆ ಹೋಗಬೇಕು, 2, 8, 9 ಎಂದೇಕೆ ಬರೆಯಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು. ಉತ್ತರವನ್ನು ಅವರು ಅಂದು ಹೇಳಲಿಲ್ಲ. ಪರಮಾಣು ರಚನೆಯ ಅಧ್ಯಾಯವಿಡೀ ಆ ಒಂದು ಪ್ರಶ್ನೆಯನ್ನು ಹಿಡಿದೇ ಸಾಗಿತು.

ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಸ್ಥಿತಿಯನ್ನು ಸೂಚಿಸುವ ನಾಲ್ಕು ಕ್ವಾಂಟಂ ಸಂಖ್ಯೆಗಳನ್ನು ಪಠ್ಯಪುಸ್ತಕ ಒಂದೇ ಪುಟದಲ್ಲಿ ಸಾಲಾಗಿ ನಿಲ್ಲಿಸಿತ್ತು. ಮೇಷ್ಟ್ರು ಮಾತ್ರ ಅವುಗಳಲ್ಲಿ ಒಂದೊಂದನ್ನೂ ರೋಹಿತದ ಗೆರೆಗಳು, ಅಂದರೆ ಪರಮಾಣುಗಳು ಸೂಸುವ ಬೆಳಕನ್ನು ಬಿಡಿಸಿದಾಗ ಕಾಣುವ ಗೆರೆಗಳು, ಬೇಡಿದಾಗಲೇ ತರಗತಿಯೊಳಗೆ ಕರೆತಂದರು. 1913ರ ಬೋರ್ ಮಾದರಿಯಲ್ಲಿ ಇದ್ದದ್ದು ಕವಚವನ್ನು ಸೂಚಿಸುವ ಪ್ರಧಾನ ಸಂಖ್ಯೆಯೊಂದೇ. ಹೈಡ್ರೋಜನ್ನಿನ ಗೆರೆಗಳನ್ನು ಸೂಕ್ಷ್ಮವಾಗಿ ನೋಡಿದಾಗ ಅವು ಒಂಟಿ ಗೆರೆಗಳಲ್ಲವೆಂಬುದು ಕಂಡದ್ದರಿಂದ ಸೊಮರ್‌ಫೆಲ್ಡ್ ಎರಡನೆಯದನ್ನು ಸೇರಿಸಿದರು. ಕಾಂತಕ್ಷೇತ್ರದಲ್ಲಿ ಗೆರೆಗಳು ಇನ್ನಷ್ಟು ಸೀಳುವುದಕ್ಕೆ ಮೂರನೆಯದು ಬೇಕಾಯಿತು. ನಾಲ್ಕನೆಯದಕ್ಕೆ ಅವರು ಸೋಡಿಯಂ ದೀಪದ ಹಳದಿಯನ್ನು ಉದಾಹರಿಸಿದರು. ಬರಿಗಣ್ಣಿಗೆ ಒಂದೇ ಬಣ್ಣವಾಗಿ ಕಾಣುವ ಆ ಬೆಳಕಿನಲ್ಲಿ 589.0 ಮತ್ತು 589.6 ನ್ಯಾನೋಮೀಟರಿನ ಎರಡು ಗೆರೆಗಳಿವೆ, ಮತ್ತು ಆ ಸಣ್ಣ ಅಂತರಕ್ಕೆ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಎರಡೇ ದಿಕ್ಕುಗಳಿರುವ ಅದರದೇ ಆದ ತಿರುಗುವಿಕೆಯಂಥ ಗುಣ, ಕಾರಣ. 1925ರಲ್ಲಿ ಪೌಲಿ ಎರಡೇ ಬೆಲೆಗಳುಳ್ಳ ನಾಲ್ಕನೆಯ ಸಂಖ್ಯೆಯೊಂದು ಬೇಕೆಂದು ಹೇಳಿದಾಗ ಅದು ಸ್ಪಿನ್ ಎಂಬ ವಿವರಣೆ ಇನ್ನೂ ಪ್ರಕಟವಾಗಿರಲಿಲ್ಲ. ಅದನ್ನು ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದೇ ವರ್ಷದ ಕೊನೆಯಲ್ಲಿ ಕೊಟ್ಟರು.

ಇಷ್ಟಾದ ಮೇಲೆ ಉಳಿದದ್ದು ಎಣಿಕೆ. ಮೊದಲ ಸಂಖ್ಯೆಯಾದ ಎನ್ ಮೂರಾದರೆ ಎರಡನೆಯದಾದ ಎಲ್‌ಗೆ 0, 1, 2 ಎಂಬ ಬೆಲೆಗಳು; ಎಸ್, ಪಿ, ಡಿ ಎಂಬ ಉಪಕವಚಗಳು ಇವೇ. ಅವುಗಳಿಗೆ ಕ್ರಮವಾಗಿ ಒಂದು, ಮೂರು, ಐದು ಆರ್ಬಿಟಲ್‌ಗಳು, ಅಂದರೆ ಎಲೆಕ್ಟ್ರಾನ್ ಇರುವ ಸಂಭವ ಹೆಚ್ಚಿರುವ ಜಾಗಗಳು. ಒಂದೊಂದರಲ್ಲಿ ವಿರುದ್ಧ ಸ್ಪಿನ್ನಿನ ಎರಡೆರಡು ಎಲೆಕ್ಟ್ರಾನ್‌ಗಳು. ಕೂಡಿದರೆ 18. ಕವಚವೊಂದರಲ್ಲಿ ಹಿಡಿಸುವ ಎಲೆಕ್ಟ್ರಾನ್‌ಗಳಿಗೆ ನಾವು ಬಾಯಿಪಾಠ ಮಾಡಿದ್ದ 2ಎನ್² ಸೂತ್ರ ಎಲ್ಲಿಂದ ಬಂತೆಂಬುದು ಕಪ್ಪುಹಲಗೆಯ ಮೇಲೆ ಎರಡು ನಿಮಿಷದಲ್ಲಿ ತಿಳಿಯಿತು.

ಪೊಟ್ಯಾಸಿಯಂನ ಉತ್ತರ ಬಂದದ್ದು ಆ ಬಳಿಕ. ಒಂಟಿ ಎಲೆಕ್ಟ್ರಾನಿನ ಹೈಡ್ರೋಜನ್ನಿನಲ್ಲಿ 3ಎಸ್, 3ಪಿ, 3ಡಿ ಮೂರರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಹಲವು ಎಲೆಕ್ಟ್ರಾನ್‌ಗಳಿರುವ ಪರಮಾಣುವಿನಲ್ಲಿ ಹಾಗಿಲ್ಲ. 4ಎಸ್ ಎಲೆಕ್ಟ್ರಾನ್ ಬಹುಮಟ್ಟಿಗೆ ದೂರದಲ್ಲಿದ್ದರೂ ಅದು ಇರುವ ಸಂಭವದ ಸಣ್ಣ ಪಾಲೊಂದು ಒಳಗಿನ ಕವಚಗಳನ್ನು ದಾಟಿ ನ್ಯೂಕ್ಲಿಯಸ್ಸಿನ ಸಮೀಪದವರೆಗೆ ಚಾಚಿಕೊಂಡಿರುತ್ತದೆ. 3ಡಿಗೆ ಆ ಅನುಕೂಲ ಇಲ್ಲದ್ದರಿಂದ ಒಳಗಿನ 18 ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಆವೇಶವನ್ನು ಅದರಿಂದ ಬಹುಪಾಲು ಮರೆಮಾಡಿಬಿಡುತ್ತವೆ. ಆದ್ದರಿಂದ ಪೊಟ್ಯಾಸಿಯಂನಲ್ಲಿ 4ಎಸ್‌ನ ಶಕ್ತಿಯೇ ಕಡಿಮೆ. ಉಪಕವಚಗಳು ತುಂಬುವ ಕ್ರಮವನ್ನು ತೋರಿಸುವ ಓರೆ ಬಾಣಗಳ ಆ ಪ್ರಸಿದ್ಧ ಚಿತ್ರವನ್ನು ಅವರು ಎಲ್ಲಕ್ಕಿಂತ ಕೊನೆಗೆ ಬರೆದರು, ಅದೂ ನೆನಪಿಗೆ ಅನುಕೂಲವೇ ಹೊರತು ಕಾರಣವಲ್ಲ ಎಂದು ಹೇಳಿ. "ಹತ್ತೊಂಬತ್ತನೆಯ ಎಲೆಕ್ಟ್ರಾನಿನ ನಾಲ್ಕು ಸಂಖ್ಯೆಗಳನ್ನು ಬರೆಯಿರಿ" ಎಂಬ ಪರೀಕ್ಷೆಯ ಪ್ರಶ್ನೆಯೂ ಅವರಿಗೆ ಹಿಡಿಸುತ್ತಿರಲಿಲ್ಲ. ಎಲೆಕ್ಟ್ರಾನ್‌ಗಳನ್ನು ಒಂದರಿಂದ ಇನ್ನೊಂದನ್ನು ಗುರುತಿಸಲಾಗದೆಂದ ಮೇಲೆ ಹತ್ತೊಂಬತ್ತನೆಯದು ಯಾವುದು? ಹೊರಗಿನ ಎಲೆಕ್ಟ್ರಾನ್ ಎಂದು ತಿದ್ದಿಕೊಂಡು 4, 0, 0, +½ ಎಂದು ಬರೆಯಿರಿ ಎನ್ನುತ್ತಿದ್ದರು.

ಬಾಣಗಳ ಚಿತ್ರವನ್ನು ನಂಬಿ ಕುಳಿತವರನ್ನು ಅವರು ಕಬ್ಬಿಣದತ್ತ ಕರೆದೊಯ್ದರು. 4ಎಸ್ ಮೊದಲು ತುಂಬಿತೆಂದಾದರೆ ಎಲೆಕ್ಟ್ರಾನ್ ಕಳೆದುಕೊಳ್ಳುವಾಗಲೂ ಅದೇ ಮೊದಲು ಖಾಲಿಯಾಗುವುದೇಕೆ? ಸ್ಕ್ಯಾಂಡಿಯಂನಿಂದ ಮುಂದೆ ನ್ಯೂಕ್ಲಿಯಸ್ಸಿನ ಆವೇಶ ಏರಿದಂತೆ 3ಡಿ ಒಳಕ್ಕೆ ಕುಗ್ಗಿ ಅದರ ಶಕ್ತಿ 4ಎಸ್‌ಗಿಂತ ಕೆಳಗಿಳಿಯುತ್ತದೆ. ಆದರೂ ಇಕ್ಕಟ್ಟಾದ 3ಡಿಯಲ್ಲಿ ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆ ಹೆಚ್ಚಾದ್ದರಿಂದ ತಟಸ್ಥ ಪರಮಾಣುವಿನಲ್ಲಿ ಸಾಮಾನ್ಯವಾಗಿ ಎರಡು 4ಎಸ್‌ನಲ್ಲೇ ಉಳಿಯುತ್ತವೆ. ಪಠ್ಯಪುಸ್ತಕದಲ್ಲಿ ಈ ವಿವರಣೆ ಇರಲಿಲ್ಲ, ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕ್ರೋಮಿಯಂ 3ಡಿ⁵ 4ಎಸ್¹ (3ಡಿಯಲ್ಲಿ ಐದು, 4ಎಸ್‌ನಲ್ಲಿ ಒಂದು ಎಲೆಕ್ಟ್ರಾನ್) ಆಗಿರುವುದಕ್ಕೆ ಅರ್ಧ ತುಂಬಿದ ಉಪಕವಚದ ಸ್ಥಿರತೆಯನ್ನು ಕಾರಣವಾಗಿ ಹೇಳಿದ ಮರುಗಳಿಗೆಯೇ, ಅದೇ ಗುಂಪಿನ ಟಂಗ್‌ಸ್ಟನ್ 5ಡಿ⁴ 6ಎಸ್² ಆಗಿಯೇ ಇದೆಯಲ್ಲ ಎಂದು ನೆನಪಿಸಿ, ಅಳೆದು ನೋಡದೆ ನಿಯಮವನ್ನು ಎಲ್ಲ ಕಡೆಗೂ ಹಿಗ್ಗಿಸಬೇಡಿ ಎಂದು ಎಚ್ಚರಿಸಿದ್ದರು.

ಒಂದೇ ಉಪಕವಚದ ಆರ್ಬಿಟಲ್‌ಗಳಲ್ಲಿ ಎಲೆಕ್ಟ್ರಾನ್‌ಗಳು ಮೊದಲು ಒಂದೊಂದಾಗಿ, ಒಂದೇ ದಿಕ್ಕಿನ ಸ್ಪಿನ್ನಿನೊಂದಿಗೆ ತುಂಬುತ್ತವೆಂಬ ಹುಂಡ್ ನಿಯಮಕ್ಕೆ ಎಲ್ಲರೂ ಕೊಡುವ ಬಸ್ಸಿನ ಹೋಲಿಕೆಯನ್ನು ಅವರೂ ಕೊಟ್ಟರು: ಖಾಲಿ ಸೀಟಿರುವವರೆಗೆ ಯಾರೂ ಅಪರಿಚಿತರ ಪಕ್ಕ ಕೂರುವುದಿಲ್ಲ. ಆದರೆ ಬೇರೆಬೇರೆ ಕೂರುವುದನ್ನು ಬಸ್ಸು ವಿವರಿಸೀತು, ಎಲ್ಲರ ಸ್ಪಿನ್ನೂ ಒಂದೇ ದಿಕ್ಕಿಗಿರುವುದನ್ನು ವಿವರಿಸಲಾರದು ಎಂದು ತಾವೇ ಅದನ್ನು ಅಲ್ಲಿಗೇ ಬಿಟ್ಟರು.

ದ್ವಿತೀಯ ಪಿಯುಸಿಯ ಲವಣ ವಿಶ್ಲೇಷಣೆಯ ಹೊತ್ತಿಗೆ ಈ ಪಾಠವೆಲ್ಲ ಪರೀಕ್ಷಾನಳಿಕೆಗಳಲ್ಲಿ ಕಾಣಿಸತೊಡಗಿತು. ಇಂಥ ದ್ರಾವಣಗಳಿಗೆ ಬಣ್ಣ ಬರುವುದು ಎಲೆಕ್ಟ್ರಾನ್ ಒಂದು ಡಿ ಆರ್ಬಿಟಲ್‌ನಿಂದ ಜಾಗವಿರುವ ಇನ್ನೊಂದಕ್ಕೆ ಬೆಳಕನ್ನು ಹೀರಿ ಜಿಗಿಯುವುದರಿಂದ. ಡಿ ಉಪಕವಚ ಪೂರ್ತಿ ತುಂಬಿರುವ ಸತು ಅಯಾನಿನ ದ್ರಾವಣಕ್ಕೆ ಬಣ್ಣವಿಲ್ಲ. ಒಂದು ಎಲೆಕ್ಟ್ರಾನ್ ಕಡಿಮೆ ಇರುವ ತಾಮ್ರದ ದ್ರಾವಣ ನೀಲಿ. ಹಾಗಾದರೆ ಐದು ಎಲೆಕ್ಟ್ರಾನ್‌ಗಳಿರುವ, ಅಂದರೆ ಅರ್ಧ ಜಾಗ ಖಾಲಿಯೇ ಇರುವ ಮ್ಯಾಂಗನೀಸ್ ಅಯಾನು ಕಡುಬಣ್ಣದ್ದಾಗಿರಬೇಕಿತ್ತು, ಅದೇಕೆ ಕಂಡೂ ಕಾಣದ ತಿಳಿಗುಲಾಬಿ ಎಂದು ಸಹಪಾಠಿಯೊಬ್ಬಳು ಕೇಳಿದಳು. ಐದೂ ಎಲೆಕ್ಟ್ರಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿದೆ ಎಂಬಷ್ಟನ್ನೇ ಮೇಷ್ಟ್ರು ಸುಳಿವಾಗಿ ಕೊಟ್ಟರು. ಅಲ್ಲಿ ಯಾವ ಜಿಗಿತಕ್ಕೂ ಎಲೆಕ್ಟ್ರಾನ್ ತನ್ನ ಸ್ಪಿನ್ನನ್ನೇ ತಿರುಗಿಸಿಕೊಳ್ಳಬೇಕಾಗುತ್ತದೆ, ಅಂಥ ಜಿಗಿತಗಳು ಬಹಳ ವಿರಳವಾದ್ದರಿಂದ ಆ ಅಯಾನು ಬೆಳಕನ್ನು ಹೀರುವುದೂ ಅತ್ಯಲ್ಪ ಎಂಬ ಪೂರ್ಣ ಉತ್ತರ ನನಗೆ ದೊರೆತದ್ದು ಬಿ.ಎಸ್‌ಸಿ. ತರಗತಿಗಳಲ್ಲಿ.